ಕಪ್ ಗೆದ್ದವರು ಅಲ್ಲೇ, ಸೋತವರು ಮೇಲಕ್ಕೆ!

ಪ್ರಶ್ನೆ: ಜರ್ಮನಿಯ ಐಸ್ ಹಾಕಿಯಲ್ಲಿ ಓಬರ್‌ಲೀಗಾ ಗೆದ್ದ ತಂಡ ಅಲ್ಲೇ ಉಳಿಯಿತು, ಫೈನಲ್‌ನಲ್ಲಿ ಸೋತ ತಂಡಕ್ಕೆ ಬಡ್ತಿ ಸಿಕ್ಕಿತು ಅಂತ ಓದಿದೆ. ಇದು ನಿಜವಾ?

ಉತ್ತರ: ನಿಜ. ಅದೂ ಒಂದು ಸಲ ಅಲ್ಲ, ಸತತ ಮೂರು ವರ್ಷ.

ಮೊದಲು ಮೆಟ್ಟಿಲುಗಳನ್ನು ನೋಡಿಬಿಡೋಣ. ತುದಿಯಲ್ಲಿ ಡಿಇಎಲ್ ಎಂಬ ಅಗ್ರ ಲೀಗ್, ಅದರ ಕೆಳಗೆ ಡಿಇಎಲ್ 2, ಮೂರನೆಯದು ಓಬರ್‌ಲೀಗಾ. 'ಓಬರ್' ಅಂದರೆ ಮೇಲಿನದು. ಹೆಸರಲ್ಲಷ್ಟೇ ಮೇಲೆ! ಇದರಲ್ಲಿ ಉತ್ತರ, ದಕ್ಷಿಣ ಅಂತ ಎರಡು ಗುಂಪು. ವರ್ಷವೆಲ್ಲ ತಮ್ಮ ತಮ್ಮ ಗುಂಪಿನಲ್ಲಿ ಆಡಿದವರು ಪ್ಲೇಆಫ್‌ನಲ್ಲಿ ಎದುರುಬದುರಾಗುತ್ತಾರೆ. ಗೆದ್ದವರಿಗೆ ಡಿಇಎಲ್ 2ಕ್ಕೆ ಬಡ್ತಿ. ಅತ್ತ ಡಿಇಎಲ್ 2ರಲ್ಲಿ ಕೊನೆಯ ಸ್ಥಾನಗಳಲ್ಲಿರುವ ತಂಡಗಳು 'ಪ್ಲೇಡೌನ್' ಆಡುತ್ತವೆ. ಅಲ್ಲೂ ಸೋತವರು ಓಬರ್‌ಲೀಗಾಕ್ಕೆ ಇಳಿಯಬೇಕು.

ಇಷ್ಟರವರೆಗೆ ಲೆಕ್ಕ ಸರಿಯಾಗಿದೆ. ಗೊಂದಲ ಶುರುವಾಗಿದ್ದು 2015ರಲ್ಲಿ, ಟಿಲ್ಬರ್ಗ್ ಟ್ರ್ಯಾಪರ್ಸ್ ಬಂದಾಗ. ಇದು ಜರ್ಮನಿಯ ತಂಡವೇ ಅಲ್ಲ, ನೆದರ್ಲೆಂಡ್ಸ್‌ನದು. 1938ರಲ್ಲಿ ಹುಟ್ಟಿದ ಹಳೇ ಕ್ಲಬ್. ತಮ್ಮ ದೇಶದ ಲೀಗಿನಲ್ಲಿ ಸರಿಸಮನಾದ ಪೈಪೋಟಿ ಸಿಗದೆ ಪಕ್ಕದ ಜರ್ಮನಿಯ ಉತ್ತರ ಗುಂಪಿಗೆ ಬಂದರು. ಆಡೋದಕ್ಕೆ ಅಡ್ಡಿಯಿಲ್ಲ, ಆದರೆ ವಿದೇಶಿ ಕ್ಲಬ್ ಆದ್ದರಿಂದ ಬಡ್ತಿ ಇಲ್ಲ ಎಂಬುದು ನಿಯಮ. ಊಟಕ್ಕೆ ಕರೆದು, ಪಾಯಸ ಮಾತ್ರ ಬಡಿಸೋದಿಲ್ಲ ಅಂದ ಹಾಗೆ.

ಅವರು ಸುಮ್ನೆ ಆಡಿಕೊಂಡು ಹೋಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಬಂದ ಮೊದಲ ವರ್ಷವೇ ಕಪ್ ಎತ್ತಿದರು! 2016ರ ಫೈನಲ್‌ನಲ್ಲಿ ಸೋತದ್ದು ಬೈರಾಯ್ಟ್, ಡಿಇಎಲ್ 2ಕ್ಕೆ ಹೋದದ್ದೂ ಬೈರಾಯ್ಟ್. 2017ರಲ್ಲಿ ಬಾಡ್ ಟ್ಯೋಲ್ಟ್ಸ್, 2018ರಲ್ಲಿ ಡೆಗೆನ್‌ಡಾರ್ಫ್, ಎರಡೂ ಸಲ ಅದೇ ಕತೆ. ಎದುರಾಳಿ ಟಿಲ್ಬರ್ಗ್ ಅಂತ ಗೊತ್ತಾದ ಕ್ಷಣವೇ ಇನ್ನೊಂದು ತಂಡದ ಬಡ್ತಿ ಖಾತ್ರಿ. ಫೈನಲ್‌ನಲ್ಲಿ ಉಳಿಯೋದು ಕಪ್ಪಿನ ಪ್ರಶ್ನೆ ಮಾತ್ರ. ನನ್ನನ್ನು ಕೇಳಿದರೆ, ಏನೂ ಸಿಗದಿದ್ದರೂ ಮೂರು ವರ್ಷ ಬಿಡದೆ ಗೆದ್ದ ಟಿಲ್ಬರ್ಗ್‌ನವರ ಹಟವೇ ಇದರಲ್ಲಿ ದೊಡ್ಡದು. ಬಡ್ತಿಯೇನೂ ಪುಕ್ಕಟೆ ಸುಖ ಅಲ್ಲ ಬಿಡಿ. ಡೆಗೆನ್‌ಡಾರ್ಫ್ ಒಂದೇ ವರ್ಷಕ್ಕೆ ವಾಪಸ್ ಬಂತು.

ವಿದೇಶಿ ತಂಡದ್ದು ಅಪರೂಪದ ಪ್ರಕರಣ, ಅಲ್ವಾ? ಆದರೆ ಗೆದ್ದೂ ಮೇಲೆ ಹೋಗದ ಜರ್ಮನಿಯ ತಂಡಗಳೇ ಇವೆ. ಡಿಇಎಲ್ ಶುರುವಾಗಿದ್ದು 1994ರಲ್ಲಿ, ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಮಾದರಿಯಲ್ಲಿ. ಬಹಳ ವರ್ಷ ಕೆಳಗಿನವರಿಗೆ ಬಾಗಿಲು ಮುಚ್ಚಿಕೊಂಡಿದ್ದ ಲೀಗಿಗೆ 2021ರಲ್ಲಿ ಮತ್ತೆ ಕೆಳಗಿನಿಂದ ತಂಡ ಹತ್ತಿತು. ಆದರೆ ಆಟದಲ್ಲಿ ಗೆದ್ದರೆ ಸಾಲದು. ಮೊದಲೇ ಅರ್ಜಿ ಹಾಕಿರಬೇಕು, ಹಣಕಾಸು ಗಟ್ಟಿಯಿರಬೇಕು, ಕ್ರೀಡಾಂಗಣಕ್ಕೆ ಪರೀಕ್ಷೆಯಂತೆ ಅಂಕ ಹಾಕುತ್ತಾರೆ, ಅದರಲ್ಲಿ 9000 ಅಂಕ ಬರಬೇಕು.

ಇದರ ಲಾಭ ಪಡೆದದ್ದು ಔಗ್ಸ್‌ಬುರ್ಗ್. 2023ರಲ್ಲಿ ಅವರು ಡಿಇಎಲ್‌ನಿಂದ ಬೀಳುವ ಸ್ಥಾನದಲ್ಲಿದ್ದರು. ಕೆಳಗಿನ ಲೀಗಿನ ಫೈನಲ್‌ನಲ್ಲಿ, ಬಡ್ತಿಗೆ ಅರ್ಹತೆಯಿದ್ದ ಕಾಸೆಲ್ ಗೆದ್ದಿದ್ದರೆ ಕತೆ ಮುಗಿಯುತ್ತಿತ್ತು. ಗೆದ್ದದ್ದು ರಾವೆನ್ಸ್‌ಬುರ್ಗ್, ಅವರಿಗೆ ಮೇಲೆ ಹೋಗುವ ಅರ್ಹತೆ ಇರಲಿಲ್ಲ. ಔಗ್ಸ್‌ಬುರ್ಗ್ ಬಚಾವ್. ಮರುವರ್ಷ ಮತ್ತೆ ಅದೇ ಸ್ಥಾನ, ಮತ್ತೆ ಫೈನಲ್‌ನಲ್ಲಿ ಕಾಸೆಲ್, ಮತ್ತೆ ಸೋಲು! ಈ ಸಲ ಗೆದ್ದ ರೆಗೆನ್ಸ್‌ಬುರ್ಗ್‌ಗೂ ಬಡ್ತಿ ಇಲ್ಲ. ಬೇರೆ ಊರಿನಲ್ಲಿ, ಬೇರೆಯವರು ಆಡುವ ಪಂದ್ಯದಲ್ಲಿ ತಮ್ಮ ಹಣೆಬರಹ ನೋಡುತ್ತಾ ಕೂತ ಆ ಅಭಿಮಾನಿಗಳ ಪಾಡು ಊಹಿಸಿ. 2025ರಲ್ಲಿ ಡ್ರೆಸ್ಡೆನ್ ಗೆದ್ದಿತು, ಕಾಗದಪತ್ರವೂ ಸರಿಯಿತ್ತು. ಎಂಟು ಸಲ ಜರ್ಮನಿಯ ಚಾಂಪಿಯನ್ ಆಗಿದ್ದ ಡ್ಯುಸೆಲ್‌ಡಾರ್ಫ್ ಕೆಳಗಿಳಿಯಿತು.

ನಮಗೂ ಇದು ತೀರಾ ಹೊಸತಲ್ಲ. ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಎರಡು ಸಲ ಐ-ಲೀಗ್ ಗೆದ್ದಿತ್ತು. ಆದರೆ 2017ರಲ್ಲಿ ಐಎಸ್‌ಎಲ್‌ಗೆ ಹೋದದ್ದು ಬಿಡ್ ಹಾಕಿ, ಬಡ್ತಿಯಿಂದಲ್ಲ.

ಇನ್ನು ಬೀಳೋದಕ್ಕೂ ಆಟದಲ್ಲೇ ಸೋಲಬೇಕೆಂದಿಲ್ಲ. ಆಲ್ಪ್ಸ್ ಬುಡದಲ್ಲಿ ಫ್ಯೂಸೆನ್ ಎಂಬ ಪುಟ್ಟ ಊರಿದೆ. ಪ್ರವಾಸಿಗರು ಹೋಗೋದು ಪಕ್ಕದ ನಾಯ್‌ಶ್ವಾನ್‌ಸ್ಟೈನ್ ಕೋಟೆ ನೋಡಲು. ಆದರೆ ಐಸ್ ಹಾಕಿಯವರಿಗೆ ಅದು 16 ಸಲ ಜರ್ಮನಿ ಗೆದ್ದ ಕ್ಲಬ್ಬಿನ ಊರು. 2015ರಲ್ಲಿ ಆ ಕ್ಲಬ್ ದಿವಾಳಿಯಾಯಿತು. ಓಬರ್‌ಲೀಗಾವೂ ಕೈತಪ್ಪಿತು. ಬವೇರಿಯಾದ ತೀರಾ ಕೆಳಗಿನ ಬೆಜಿರ್ಕ್ಸ್‌ಲೀಗಾದಲ್ಲಿ ಮತ್ತೆ ಶುರು ಮಾಡಿದರು. ಅಲ್ಲಿಂದ ಲಾಂಡೆಸ್‌ಲೀಗಾ, ಆಮೇಲೆ ಬಯರ್ನ್‌ಲೀಗಾ, ಒಂದೊಂದೇ ಮೆಟ್ಟಿಲು ಹತ್ತಿ 2019ರಲ್ಲಿ ಓಬರ್‌ಲೀಗಾಕ್ಕೆ ವಾಪಸ್ ಬಂದರು.