ಕೃಪೆ: ದುಡಿದು ಗಳಿಸಲಾಗದ ವರ

ಚಿಕ್ಕಮಗಳೂರಿನ ಕಥೋಲಿಕರ ಮನೆಗಳಲ್ಲಿ ಜಪಮಾಲೆ ಹೇಳುವಾಗ 'ವರಪ್ರಸಾದ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹಾಸನದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆ) ಸಭೆಯವರು ಅದನ್ನೇ 'ಕೃಪೆ' ಅನ್ನುತ್ತಾರೆ. ಮನುಷ್ಯನ ಯೋಗ್ಯತೆ ನೋಡದೆ ದೇವರು ಸುಮ್ನೆ ಕೊಡುವ ಪ್ರೀತಿ, ಆ ಪ್ರೀತಿ ನಮ್ಮೊಳಗೆ ಮಾಡುವ ಕೆಲಸ, ಎರಡೂ ಇದರಲ್ಲಿ ಸೇರಿವೆ.

ಹಾಗಾದರೆ ನಾವು ಒಳ್ಳೆಯವರಾಗಿ ಬಾಳುವುದಕ್ಕೆ ಬೆಲೆಯೇ ಇಲ್ವಾ? ಐದನೇ ಶತಮಾನದ ದೊಡ್ಡ ಜಗಳ ಇದೇ. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಸಂತ ಅಗಸ್ಟೀನರು ಹೀಗೆ ಪ್ರಾರ್ಥಿಸಿದ್ದರು: ನೀನು ಏನನ್ನು ಆಜ್ಞಾಪಿಸುತ್ತೀಯೋ ಅದನ್ನು ಮಾಡುವ ಶಕ್ತಿ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು. ರೋಮಿನಲ್ಲಿದ್ದ ಪೆಲಾಜಿಯಸ್ ಎಂಬ ಕ್ರೈಸ್ತ ಬೋಧಕನಿಗೆ ಈ ಮಾತು ಸಹಿಸಲಾಗಲಿಲ್ಲ. ಆಜ್ಞೆ ಇದೆ ಎಂದರೆ ಪಾಲಿಸುವ ಶಕ್ತಿಯೂ ಮನುಷ್ಯನಲ್ಲಿದೆ ಎಂದು ಆತ ವಾದಿಸಿದ. ಜನ ಸೋಮಾರಿಗಳಾಗುತ್ತಾರೆ ಎಂಬ ಆತನ ಕಳವಳ ಸಣ್ಣದಲ್ಲ. ಆದರೆ ಬಿಡಬೇಕೆಂದರೂ ಬಿಡಲಾಗದ ಚಟ, ಕ್ಷಮಿಸಬೇಕೆಂದರೂ ಕರಗದ ಮನಸ್ಸು ನಮಗೆಲ್ಲ ಗೊತ್ತು, ಅಲ್ವಾ? ಅಲ್ಲಿ ನನಗೆ ಅಗಸ್ಟೀನರ ಮಾತೇ ನಿಜ ಅನ್ನಿಸುತ್ತದೆ. 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್‌ಗಳು ಪೆಲಾಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿದರು.

ಸ್ಪ್ರಿಂಕ್ಲರ್ ಇಲ್ಲದ ಕಾಫಿ ತೋಟದವರಿಗೆ ಇದು ಬೇಗ ಅರ್ಥವಾದೀತು. ಗೊಬ್ಬರ ಹಾಕಬಹುದು, ಮರಗಸಿ ಮಾಡಿಸಬಹುದು. ಕಾಫಿ ಹೂವನ್ನು ಅರಳಿಸುವ ಹೂಮಳೆಯನ್ನು ಕರೆಸಲಾಗದು. ಹಾಗಂತ ಮಳೆ ಬಿತ್ತೆಂದು ಯಾರೂ ತೋಟ ಬಿಟ್ಟು ಕೂರುವುದಿಲ್ಲ.

ಕೃಪೆ ಬಂದ ಮೇಲೆ ಮನುಷ್ಯನ ಪಾಲೇನು ಎಂಬ ಆ ಕೊನೆಯ ಮಾತಿನ ಮೇಲೆಯೇ ಮುಂದಿನ ಪಂಥಗಳು ಬೇರೆಯಾದವು. ದೇವರ ಮುಂದೆ ಮನುಷ್ಯ ನೀತಿವಂತನಾಗುವುದು ಕೃಪೆಯಿಂದ, ನಂಬಿಕೆಯ ಮೂಲಕ ಮಾತ್ರ, ಕ್ರಿಯೆಗಳಿಂದಲ್ಲ ಎಂದರು ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್. ಕಥೋಲಿಕ ಸಭೆ 1547ರಲ್ಲಿ ತನ್ನ ಬಿಷಪ್‌ಗಳ ಟ್ರೆಂಟ್ ಮಹಾಸಭೆಯಲ್ಲಿ ಉತ್ತರ ಕೊಟ್ಟಿತು: ಮೊದಲ ಹೆಜ್ಜೆ ಕೃಪೆಯದೇ, ಆದರೆ ಮನುಷ್ಯ ಅದಕ್ಕೆ ಒಪ್ಪಿ ಜೊತೆಗೂಡಬೇಕು, ಬೇಡವೆನ್ನಲೂ ಬಲ್ಲ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ, ನಾವು ದೇವರನ್ನು ಹುಡುಕುವ ಮೊದಲೇ ಕೃಪೆ ಎಲ್ಲರನ್ನೂ ಮುಟ್ಟಿರುತ್ತದೆ ಎಂದು ಸಾರಿದರು. ಅವರ ಮೆಥೊಡಿಸ್ಟ್ ಪರಂಪರೆಯೇ ವೆಸ್ಲಿಯನ್ ಮಿಷನ್ ಮೂಲಕ ಹಾಸನಕ್ಕೆ ಬಂತು. 1947ರಲ್ಲಿ ಅದು ಸಿ.ಎಸ್.ಐ.ನಲ್ಲಿ ಸೇರಿತು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದು ಘೋಷಣೆಗೆ ಸಹಿ ಹಾಕಿದರು. ನಮ್ಮ ಪುಣ್ಯ ನೋಡಿ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂಬುದು ಅದರ ತಿರುಳು. 2006ರಲ್ಲಿ ಮೆಥೊಡಿಸ್ಟರೂ ಒಪ್ಪಿದರು. ಕೃಪೆ ಹರಿದು ಬರುವ ಸಂಸ್ಕಾರಗಳು ಕಥೋಲಿಕರಿಗೆ ಏಳು. ಸಿ.ಎಸ್.ಐ.ಯವರು ಕ್ರಿಸ್ತನೇ ನೇಮಿಸಿದ್ದೆಂದು ಎಣಿಸುವುದು ಎರಡನ್ನು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ಆ ವ್ಯತ್ಯಾಸ ಹಾಗೇ ಉಳಿದಿದೆ.