ವೈದ್ಯ ವಿದ್ಯಾರ್ಥಿಗಳಲ್ಲಿ ಖಿನ್ನತೆ: ಮನೋರೋಗ ವಿಭಾಗದ ಪೋಸ್ಟಿಂಗ್‌ಗೆ ಮೊದಲು ಓದಿಕೊಳ್ಳಲು

ಪರೀಕ್ಷೆಗೆ ಬೇಕಾದುದನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಖಿನ್ನತೆ ಎನ್ನಲು ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರ ಕಾಲ, ಹೆಚ್ಚುಕಡಿಮೆ ಪ್ರತಿದಿನವೂ ಇರಬೇಕು. ಆ ಐದರಲ್ಲಿ ಒಂದಾದರೂ ಮಂಕು ಕವಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಆಗಿರಲೇಬೇಕು. ಉಳಿದ ಏಳು: ನಿದ್ರೆಯ ಏರುಪೇರು, ಹಸಿವು ಅಥವಾ ತೂಕದ ಬದಲಾವಣೆ, ದಣಿವು, ಏಕಾಗ್ರತೆ ಕುಂದುವುದು, ಚಲನೆ ನಿಧಾನವಾಗುವುದು ಅಥವಾ ಚಡಪಡಿಕೆ, ತಾನು ಯಾತಕ್ಕೂ ಬಾರದವನೆಂಬ ಭಾವ, ಸಾವಿನ ಯೋಚನೆ. ಇದರಿಂದ ದಿನನಿತ್ಯದ ಬದುಕಿಗೆ ಅಡ್ಡಿಯಾಗುತ್ತಿರಬೇಕು ಎಂಬುದನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮರೆಯಬೇಡಿ.

ತೊಡಕು ಇರುವುದು ಇಲ್ಲೇ. ನಿದ್ರೆಗೆಡುವುದು, ದಣಿಯುವುದು, ಓದಿದ್ದು ತಲೆಗೆ ಹತ್ತದಿರುವುದು ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆಗಳು) ಹತ್ತಿರ ಬಂದಾಗ ನಮ್ಮೆಲ್ಲರಿಗೂ ಇರುತ್ತದೆ. ಹಾಗಾಗಿ ಸಹಪಾಠಿಗಳ ವಿಷಯದಲ್ಲಿ ಈ ಮೂರನ್ನು ನೆಚ್ಚಿಕೊಂಡು ಕೂರಬಾರದು ಎಂಬುದು ನನ್ನ ಅಭಿಪ್ರಾಯ. ಪರೀಕ್ಷೆ ಮುಗಿದ ಮೇಲೂ ಉಳಿಯುವುದು ಏನು ಎಂದು ನೋಡಿ.

ಮೈಸೂರಿನ ನಮ್ಮ ಹಾಸ್ಟೆಲಿನಲ್ಲಿ ನಾಗಮಂಗಲ ಕಡೆಯ ಹುಡುಗನೊಬ್ಬನಿದ್ದ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಊರಿಗೇ ಮೊದಲಿಗ. ಮೊದಲ ವರ್ಷದ ಇಂಟರ್ನಲ್ಸ್ ಮುಗಿದರೂ ಅವನು ಭಾನುವಾರದ ಕ್ರಿಕೆಟ್ಟಿಗೆ ಬರಲಿಲ್ಲ. ಅಮ್ಮ ಕಳುಹಿಸಿದ ಚಕ್ಕುಲಿಯ ಡಬ್ಬಿ ಮುಚ್ಚಳವನ್ನೂ ತೆಗೆಯದೆ ಮಂಚದ ಕೆಳಗಿತ್ತು. ಅಂಗರಚನೆಯ ರೆಕಾರ್ಡಿನಲ್ಲಿ ತೋಳಿನ ನರಜಾಲದ ಚಿತ್ರ ಅರ್ಧಕ್ಕೇ ನಿಂತಿತ್ತು. ಹಾಜರಾತಿ ಮಾತ್ರ ಪೂರ್ತಿ. ತರಗತಿಗೆ ಬರುತ್ತಿದ್ದಾನೆ, ಆದ್ದರಿಂದ ಚೆನ್ನಾಗಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಭಯ ಹಾಸಿಗೆಯಿಂದ ಏಳಲಾಗದವನನ್ನೂ ತರಗತಿಗೆ ಎಳೆದು ತರುತ್ತದೆ.

ಈಗ ಅಂಕಿ. 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ವಿಶ್ಲೇಷಣೆಯೊಂದು 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿತ್ತು. ವೈದ್ಯ ವಿದ್ಯಾರ್ಥಿಗಳಲ್ಲಿ ಶೇ 27.2ರಷ್ಟು ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು, ಶೇ 11.1ರಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. ಮೊದಲ ಸಂಖ್ಯೆ ಹೆಚ್ಚಾಗಿ ಪ್ರಶ್ನಾವಳಿಗಳಿಂದ ಬಂದದ್ದು, ವೈದ್ಯರು ಕೂತು ಮಾಡಿದ ರೋಗನಿರ್ಣಯವಲ್ಲ. ಅಂಥದ್ದೇ ಒಂದು, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರ ತಪಾಸಣೆ ಬೇಕು ಎಂದಷ್ಟೇ ಅರ್ಥ. ನನ್ನನ್ನು ಹೆಚ್ಚು ಕಾಡುವುದು ಅದೇ ವಿಶ್ಲೇಷಣೆಯ ಇನ್ನೊಂದು ಅಂಕಿ: ಲಕ್ಷಣಗಳಿದ್ದವರಲ್ಲಿ ಚಿಕಿತ್ಸೆಗೆ ಹೋದವರು ಶೇ 15.7 ಮಾತ್ರ. ಚಿಕಿತ್ಸೆ ಕೊಡುವ ಕಟ್ಟಡದಲ್ಲೇ ಓದುವವರ ಗತಿ ಇದು!

ಏಕೆ ಹೋಗುವುದಿಲ್ಲ? ಒಪಿಡಿಯಲ್ಲಿ ಕೂತಿರುವವರು ನಾಳೆ ವೈವಾ ತೆಗೆದುಕೊಳ್ಳುವ ಮೇಷ್ಟ್ರು. ಚೀಟಿ ಬರೆಯುವ ಇಂಟರ್ನ್ ನಮ್ಮದೇ ಸೀನಿಯರ್. ಈ ಸಂಕೋಚ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಆದರೂ ಮನಸ್ಸು ಒಪ್ಪದಿದ್ದರೆ ಬೇರೆ ಆಸ್ಪತ್ರೆಗೆ ಹೋಗಬಹುದು. ಮೈಸೂರಿನಲ್ಲಿ ವೈದ್ಯಕೀಯ ಕಾಲೇಜು ಒಂದೇ ಅಲ್ಲ. ಮಂಡ್ಯದವರು ರೈಲು ಹತ್ತಿದರೆ ಮೈಸೂರು ದೂರವೇನಲ್ಲ. ಅದೂ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಪರಿಚಯದ ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುವುದು ಮಾತ್ರ ಬೇಡವೇ ಬೇಡ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮೊದಲ ವಾರದಲ್ಲೇ. 25ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯೂ ಇದೆ. ನಮ್ಮಲ್ಲಿ ಬಹುಪಾಲು ಜನ ಆ ವಯಸ್ಸಿನವರೇ. ಹಿಂದೆ ಉನ್ಮಾದದ ಕಂತು (ಅತಿಯಾದ ಉತ್ಸಾಹದ ಅವಧಿ) ಬಂದಿತ್ತೇ, ಥೈರಾಯ್ಡ್ ಸರಿ ಇದೆಯೇ, ರಕ್ತಹೀನತೆ ಇದೆಯೇ ಎಂದು ವೈದ್ಯರು ನೋಡಿಯೇ ಶುರು ಮಾಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಥಟ್ಟನೆ ನಿಲ್ಲಿಸಬಾರದು.

ಕೊನೆಯದು ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ, ಸಾವಿನ ಯೋಚನೆಯ ಕುರಿತದ್ದು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. “ಬದುಕೇ ಬೇಡ ಅನ್ನಿಸುತ್ತಿದೆಯಾ? ಸಾಯಬೇಕೆಂದು ಯೋಚಿಸಿದ್ದೀಯಾ?” ಎಂದು ನೇರವಾಗಿ ಕೇಳಿ. ಹೌದು ಎಂದರೆ, ಹೇಗೆಂದು ಯೋಚಿಸಿದ್ದಾನೆ, ಏನಾದರೂ ತಂದಿಟ್ಟುಕೊಂಡಿದ್ದಾನೆಯೇ ಎಂದೂ ಕೇಳಿ, ಇದ್ದರೆ ಅದನ್ನು ಕೋಣೆಯಿಂದ ತೆಗೆಸಿ. ಒಂಟಿಯಾಗಿ ಬಿಡಬೇಡಿ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದರೂ ವಾರ್ಡನ್ನರಿಗೆ ತಿಳಿಸಿ, ಕ್ಯಾಶುಯಲ್ಟಿಗೆ ಜೊತೆಯಲ್ಲೇ ಹೋಗಿ. ಅಲ್ಲಿ ಡ್ಯೂಟಿ ಡಾಕ್ಟರಿಗೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ತಿಳಿಸಿ, ಮನೆಯವರು ಬರುವವರೆಗೆ ಅಲ್ಲೇ ಇರಿ.