ಸ್ನೋ ಬಿದ್ದ ದಿನಕ್ಕಿಂತ ಬೀಳದೇ ಇದ್ದ ವಾರ ಮುಖ್ಯ

ಚಳಿಗಾಲದಲ್ಲಿ ಬೆಟ್ಟ ಹತ್ತೋಕೆ ಬರೋರು ನಮ್ಮಂಥ ಗೈಡ್‌ಗಳನ್ನ ಮೊದಲು ಕೇಳೋದು, ನಿನ್ನೆ ಎಷ್ಟು ಸ್ನೋ ಬಿತ್ತು ಅಂತ. ನಾನು ತಿರುಗಿ ಕೇಳೋದು ಅದಕ್ಕೂ ಮುಂಚೆ ಒಂದು ವಾರ ವೆದರ್ ಹೇಗಿತ್ತು ಅಂತ. "ಫುಲ್ ಕ್ಲಿಯರ್ ಇತ್ತು ಸರ್, ಒಂದು ಮೋಡ ಇಲ್ಲ" ಅಂತ ಖುಷಿಯಾಗಿ ಹೇಳ್ತಾರೆ, ನನಗೆ ಹಿಮಕುಸಿತದ ತಲೆನೋವು ಶುರುವಾಗೋದೇ ಅಲ್ಲಿಂದ.

ಯಾಕೆ ಅಂದ್ರೆ, ಮೋಡ ಇಲ್ಲದ ರಾತ್ರಿ ಸ್ನೋ ತನ್ನ ಶಾಖನೆಲ್ಲ ಆಕಾಶಕ್ಕೆ ಬಿಟ್ಕೊಡತ್ತೆ, ಅದರ ಮೇಲ್ಮೈ ಸುತ್ತಲಿನ ಗಾಳಿಗಿಂತಲೂ ಎಷ್ಟೋ ಡಿಗ್ರಿ ತಣ್ಣಗಾಗತ್ತೆ. ಆದ್ರೆ ಕೆಳಗೆ ನೆಲಕ್ಕೆ ತಾಗಿರೋ ಸ್ನೋ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಲೇ ಇರತ್ತೆ, ಮೇಲಿನ ಚಳಿ ಅಷ್ಟು ಸುಲಭಕ್ಕೆ ಕೆಳಗೆ ಇಳಿಯಲ್ಲ. ಈ ಮೇಲೆ-ಕೆಳಗಿನ ವ್ಯತ್ಯಾಸ ಮೀಟರಿಗೆ ಸುಮಾರು 10 ಡಿಗ್ರಿ ದಾಟಿದ್ರೆ, ಕೆಳಗಿನ ಆವಿ ಮೇಲಕ್ಕೆ ಹೋಗ್ತಾ ಹೋಗ್ತಾ ಸ್ನೋ ಕಾಳುಗಳ ಆಕಾರನೇ ಬದಲಾಗತ್ತೆ, ದುಂಡಗೆ ಆಗಿ ಒಂದಕ್ಕೊಂದು ಅಂಟಿಕೊಳ್ಳೋ ಬದಲು ಮೂಲೆಮೂಲೆ ಇರೋ ಹರಳುಗಳಾಗತ್ತೆ. ಕೈಯಲ್ಲಿ ಹಿಡಿದ್ರೆ ಸಕ್ಕರೆ ಥರ ಜಾರಿ ಹೋಗತ್ತೆ, ಉಂಡೆ ಕಟ್ಟೋಕೆ ಬರಲ್ಲ. ಇಂಥ ಪದರದ ಮೇಲೆ ಏನೇ ಕೂತ್ರೂ ನನಗೆ ನಂಬಿಕೆ ಇಲ್ಲ.

ಇಲ್ಲೊಂದು ಲೆಕ್ಕ ನೋಡಿ. ಸ್ನೋ ಅರ್ಧ ಮೀಟರ್ ಇದೆ, ಕೆಳಗೆ 0, ಮೇಲೆ ಮೈನಸ್ 15, ಅಂದ್ರೆ ಮೀಟರಿಗೆ 30 ಡಿಗ್ರಿ ಲೆಕ್ಕ ಆಯ್ತು. ಅದೇ ಚಳಿಗೆ ಸ್ನೋ 2 ಮೀಟರ್ ಇದ್ರೆ ಮೀಟರಿಗೆ ಬರೀ 7.5. ಹಾಗಾಗಿ ಸೀಸನ್ ಶುರುವಲ್ಲಿ ತೆಳ್ಳಗೆ ಸ್ನೋ ಬಿದ್ದು ಆಮೇಲೆ ಬಹಳ ದಿನ ಒಣಚಳಿ ಹಿಡಿದ್ರೆ ತಳನೇ ಟೊಳ್ಳಾಗತ್ತೆ, ಅದು ವಾರಗಟ್ಟಲೆ, ಕೆಲವು ಸಲ ಇಡೀ ಚಳಿಗಾಲ ಹಾಗೇ ಉಳಿಯತ್ತೆ. "ಸ್ನೋ ಕಮ್ಮಿ ಇದೆ, ಏನೂ ಆಗಲ್ಲ ಬಿಡಿ" ಅನ್ನೋರ ಜೊತೆ ನನ್ನ ಜಗಳ ಇದೇ. ಕಮ್ಮಿ ಸ್ನೋ ಇರೋ ವರ್ಷಗಳೇ ನನಗೆ ಜಾಸ್ತಿ ಭಯ ಹುಟ್ಟಿಸೋದು.

ಅದೇ ಕ್ಲಿಯರ್ ರಾತ್ರಿಲಿ ಗಾಳಿ ಬೀಸದೆ, ಸ್ವಲ್ಪ ತೇವಾಂಶನೂ ಇದ್ರೆ, ಮೇಲ್ಮೈಲಿ ಗರಿಗರಿ ಹರಳು ಬೆಳೆಯತ್ತೆ, ನಾವು ಸರ್ಫೇಸ್ ಹೋರ್ ಅಂತೀವಿ. ಬೆಳಗ್ಗೆ ಬಿಸಿಲಿಗೆ ಮಿನುಗ್ತಾ ಇರತ್ತೆ, ಎಲ್ಲರೂ ಮೊಬೈಲ್ ತೆಗೆದು ಫೋಟೋ ಹೊಡೀತಾರೆ, ಮೇಲೆ ಇರೋವರೆಗೂ ಅದರಿಂದ ಏನೂ ತೊಂದ್ರೆ ಇಲ್ಲ. ಮುಂದಿನ ಸ್ನೋ ಅದರ ಮೇಲೆ ಬಿದ್ದು ಮುಚ್ಚಿದ ಮೇಲೆ ಕಥೆ ಬೇರೆ, ಒಳಗೇ ದುರ್ಬಲ ಪದರ ಆಗಿ ಉಳ್ಕೊಳತ್ತೆ. ಬಿಸಿಲು ಬಿದ್ದ ಕಡೆ, ಗಾಳಿ ಹೊಡೆದ ಕಡೆ ಅದು ಮುಚ್ಚೋಕೂ ಮುಂಚೆ ಹಾಳಾಗಿರತ್ತೆ, ಮರೆಯಲ್ಲಿದ್ದ ಜಾಗದಲ್ಲಿ ಮಾತ್ರ ಹಾಗೇ ಉಳ್ಕೊಂಡಿರತ್ತೆ, ಅದಕ್ಕೇ ಒಂದು ಕಡೆ ಗುಂಡಿ ತೋಡಿ ಪದರ ನೋಡಿ ಇಡೀ ಬೆಟ್ಟಕ್ಕೆ ಸರ್ಟಿಫಿಕೇಟ್ ಕೊಡೋಕೆ ಆಗಲ್ಲ.

ಇನ್ನು ಗಾಳಿ. ಫೋರ್‌ಕಾಸ್ಟ್‌ನಲ್ಲಿ ಹೊಸ ಸ್ನೋ ಸೊನ್ನೆ ಸೆಂಟಿಮೀಟರ್ ಅಂತ ಇರತ್ತೆ, ಬಿಸಿಲೂ ಚೆನ್ನಾಗಿರತ್ತೆ, ಆದ್ರೆ ತಲೆ ಎತ್ತಿ ನೋಡಿದ್ರೆ ಬೆಟ್ಟದ ಮೇಲಿನ ಅಂಚಿನಿಂದ ಬಿಳಿ ಧೂಳು ಹಾರ್ತಾ ಇರತ್ತೆ. ಅಂದ್ರೆ ಗಾಳಿ ಒಂದು ಮಗ್ಗುಲಿನ ಸ್ನೋ ಕೆರೆದು ಇನ್ನೊಂದು ಮಗ್ಗುಲಿಗೆ ಸುರೀತಾ ಇದೆ, ಆಕಾಶದಿಂದ ಬೀಳೋದಕ್ಕಿಂತ ಹತ್ತು ಪಟ್ಟು ವೇಗವಾಗಿ ಸುರಿಯೋ ಶಕ್ತಿ ಅದಕ್ಕಿದೆ. ದಾರಿಲಿ ಹರಳುಗಳು ಒಡೆದು ಪುಡಿಯಾಗಿ, ಗಾಳಿ ಮರೆ ಇರೋ ಇಳಿಜಾರಲ್ಲಿ ಒತ್ತೊತ್ತಾಗಿ ಕೂತು ಗಟ್ಟಿ ಹಲಗೆ ಆಗತ್ತೆ, ಅದೇ ವಿಂಡ್ ಸ್ಲ್ಯಾಬ್. ಕಾಲಿಟ್ರೆ ಟೊಳ್ಳು ಶಬ್ದ ಬರತ್ತೆ, ಬೂಟಿನ ಮುಂದೆ ಬಿರುಕು ಓಡತ್ತೆ. ಈ ಹಲಗೆ ಕೆಳಗೆ ಆಗ್ಲೇ ಹೇಳಿದ ಸಕ್ಕರೆ ಪದರನೋ ಗರಿ ಪದರನೋ ಇದ್ದು, ಇಳಿಜಾರು 30ರಿಂದ 45 ಡಿಗ್ರಿ ಒಳಗಿದ್ರೆ ಹಿಮಕುಸಿತಕ್ಕೆ ಬೇಕಾದ್ದೆಲ್ಲ ರೆಡಿ, ಒಬ್ಬ ಮನುಷ್ಯನ ತೂಕ ಸಾಕು. ಕೆಲವು ಸಲ ಸಮತಟ್ಟು ಜಾಗದಲ್ಲಿ ನಡೀತಿರುವಾಗಲೂ ಧುಪ್ ಅಂತ ಸದ್ದು ಬಂದು ನಿಂತಿರೋ ಜಾಗನೇ ಒಂಚೂರು ಕುಸಿಯತ್ತೆ, ಅದು ಒಳಗಿನ ಪದರ ಮುರಿದ ಸದ್ದು. ಅಲ್ಲಿಂದ ಮುಂದೆ ಕಡಿದಾದ ಜಾಗಕ್ಕೆ ನಾನು ಯಾರನ್ನೂ ಕರ್ಕೊಂಡು ಹೋಗಲ್ಲ, ಎಷ್ಟೇ ಗೋಗರೆದ್ರೂ.

ಸ್ನೋ ಬೀಳೋವಾಗ ಟೆಂಪರೇಚರ್ ಯಾವ ಕಡೆ ತಿರುಗ್ತು ಅನ್ನೋದನ್ನೂ ನೋಡ್ಬೇಕು. ಹರಳಿನ ಆಕಾರಕ್ಕೂ ಉಷ್ಣತೆಗೂ ತೇವಾಂಶಕ್ಕೂ ಇರೋ ಸಂಬಂಧನ ಜಪಾನಿನ ವಿಜ್ಞಾನಿ ಉಕಿಚಿರೊ ನಕಾಯಾ ಲ್ಯಾಬಲ್ಲೇ ಸ್ನೋ ಹರಳು ಬೆಳೆಸಿ ತೋರಿಸಿದ್ರು, ಅವರ ಮೊದಲ ಕೃತಕ ಹರಳು 1936ರದ್ದು. ಮೈನಸ್ 15ರ ಆಸುಪಾಸಲ್ಲಿ ತೇವಾಂಶ ಚೆನ್ನಾಗಿದ್ರೆ ಕೊಂಬೆಕೊಂಬೆಯ ನಕ್ಷತ್ರ ಆಗತ್ತೆ, ಹಗುರ, ಮೈನಸ್ 5ರ ಹತ್ರ ಸೂಜಿ ಥರದ್ದು. ಮಳೆಗಾಲದ ಮಳೆ ಥರ ಎಲ್ಲಾ ಒಂದೇ ಅಲ್ಲ ಇದು. ಬಿರುಗಾಳಿ ಬೆಚ್ಚಗೆ ಶುರುವಾಗಿ ತಣ್ಣಗೆ ಮುಗಿದ್ರೆ ಭಾರದ್ದು ಕೆಳಗೆ, ಹಗುರ ಮೇಲೆ, ಒಳ್ಳೇದು. ಉಲ್ಟಾ ಆದ್ರೆ ಹಗುರದ ಮೇಲೆ ಭಾರ ಕೂರತ್ತೆ, ಆಗ ಒಂದೆರಡು ದಿನ ಸುಮ್ನೆ ಕೂರೋದು ವಾಸಿ.

ಎತ್ತರದ ಲೆಕ್ಕ ಎಲ್ಲರಿಗೂ ಗೊತ್ತು, ಸಾವಿರ ಮೀಟರ್ ಮೇಲೇರಿದ್ರೆ ಟೆಂಪರೇಚರ್ ಸರಾಸರಿ 6.5 ಡಿಗ್ರಿ ಇಳಿಯತ್ತೆ ಅಂತ. ಆದ್ರೆ ಚಳಿಗಾಲದ ಬೆಳಗ್ಗೆ ಅದನ್ನ ಕಣ್ಮುಚ್ಚಿ ನಂಬೋ ಹಾಗಿಲ್ಲ, ತಣ್ಣನೆ ಗಾಳಿ ಭಾರ ಆಗಿ ಕಣಿವೆಲಿ ಕೂತ್ಕೊಂಡು ಮೇಲೇನೇ ಬೆಚ್ಚಗಿರೋ ದಿನಗಳೂ ಇರತ್ತೆ.

ಚಳಿಗಾಲ ಮುಗೀತಾ ಬಂದಾಗ ಮಾತ್ರ ಈ ಕ್ಲಿಯರ್ ರಾತ್ರಿ ವಿಷಯದಲ್ಲಿ ನಾನು ಪಾರ್ಟಿ ಬದಲಾಯಿಸ್ತೀನಿ. ಹಗಲು ಬಿಸಿಲಿಗೆ ಕರಗಿದ ಸ್ನೋ ರಾತ್ರಿ ಹೆಪ್ಪುಗಟ್ಟಿ ಗಟ್ಟಿ ಕ್ರಸ್ಟ್ ಆಗ್ಬೇಕು, ಅದಕ್ಕೆ ಖಾಲಿ ಆಕಾಶನೇ ಬೇಕು. ರಾತ್ರಿ ಮೋಡ ಕವಿದಿದ್ರೆ ಶಾಖ ಹೊರಗೆ ಹೋಗಲ್ಲ, ಬೆಳಗ್ಗೆನೂ ಸ್ನೋ ಒದ್ದೆಯಾಗೇ ಇರತ್ತೆ, ಮೇಲಿಂದ ಮಳೆ ಬೇರೆ ಬಿದ್ದಿದ್ರಂತೂ ಕೇಳ್ಬೇಡಿ. ಅದಕ್ಕೇ ಆ ತಿಂಗಳುಗಳಲ್ಲಿ ಹೊರಡೋಕೆ ಮುಂಚೆ ಕತ್ತಲಲ್ಲೇ ಆಚೆ ಹೋಗಿ ಒಂದಷ್ಟು ದೂರ ನಡೆದು ನೋಡ್ತೀನಿ. ಕ್ರಸ್ಟ್ ನನ್ನ ತೂಕ ತಡ್ಕೊಂಡ್ರೆ ಹೊರಟು ಬಿಸಿಲೇರೋ ಮುಂಚೆ ಕಡಿದಾದ ಜಾಗ ಮುಗಿಸಿ ಇಳಿದುಬಿಡ್ತೀವಿ, ಬೂಟು ಕಣಕಾಲವರೆಗೂ ಹೂತ್ಕೊಂಡ್ರೆ ಅವತ್ತು ಕಡಿದಾದ ರೂಟ್ ಕ್ಯಾನ್ಸಲ್.